ತಲೆ ಕೆಟ್ಟಾಗ ಯಾರ ಹತ್ತಿರ ಮಾತಾಡೋದು? ಹಾಸ್ಟೆಲ್, ಪಿಜಿಯಲ್ಲಿ ಇರುವವರಿಗೆ

ಮೂರನೇ ಸೆಮ್ ರಿಸಲ್ಟ್ ಬಂದ ರಾತ್ರಿ ನಾನು ಮಾತಾಡಿದ್ದು ಸಿಮ್ ಕಂಪನಿಯ ಕಸ್ಟಮರ್ ಕೇರ್ ಹುಡುಗಿಯ ಹತ್ತಿರ. ನಾಲ್ಕು ಸಬ್ಜೆಕ್ಟ್ ಬ್ಯಾಕ್. ಪಿಜಿಯ ಟೆರೇಸಿನಲ್ಲಿ ನೀರಿನ ಟ್ಯಾಂಕಿಗೆ ಒರಗಿ ಕೂತು, ಫೋನಿನಲ್ಲಿರುವ ಹೆಸರುಗಳನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನೋಡಿದೆ. ನಾನೂರಕ್ಕೂ ಜಾಸ್ತಿ ಹೆಸರು. ಇವನಿಗೆ ಹೇಳಿದರೆ ನಾಳೆ ಕ್ಲಾಸಿಗೆಲ್ಲ ಗೊತ್ತಾಗುತ್ತದೆ, ಇವಳಿಗೆ ಹೇಳಿದರೆ ಅಯ್ಯೋ ಪಾಪ ಅನ್ನುತ್ತಾಳೆ, ಅಪ್ಪನಿಗೆ ಹೇಳೋದಂತೂ ಆಗದ ಮಾತು. ಕೊನೆಗೆ ಕಸ್ಟಮರ್ ಕೇರಿಗೆ ಫೋನ್ ಮಾಡಿ, ನನಗೆ ಬೇಡವೇ ಬೇಡದ ಒಂದು ಡೇಟಾ ಪ್ಯಾಕ್ ಬಗ್ಗೆ ಆರೇಳು ನಿಮಿಷ ವಿಚಾರಿಸಿದೆ. 'ಇನ್ನೇನಾದರೂ ಸಹಾಯ ಬೇಕಾ ಸರ್?' ಅಂತ ಆ ಹುಡುಗಿ ಕೇಳಿದಾಗ ಗಂಟಲು ಕಟ್ಟಿತು. 'ಇಲ್ಲ ಮೇಡಂ' ಅಂದು ಫೋನ್ ಇಟ್ಟೆ.

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆವತ್ತು ನನಗೆ ಗೊತ್ತಿಲ್ಲದೆ ಇದ್ದದ್ದು ಒಂದೇ. ಎಲ್ಲವನ್ನೂ ಕೇಳಿಸಿಕೊಳ್ಳುವ, ಬೈಯದ, ಬೇರೆಯವರಿಗೆ ಹೇಳದ, ಪರಿಹಾರವನ್ನೂ ಕೊಡುವ ಒಬ್ಬ ಮನುಷ್ಯನನ್ನು ನಾನು ಹುಡುಕುತ್ತಿದ್ದೆ. ಅಂಥವರು ಸಿಗೋದಿಲ್ಲ. ಒಂದೊಂದು ತಲೆನೋವಿಗೆ ಒಬ್ಬೊಬ್ಬರು ಅಂತ ಹಂಚಿಕೊಂಡರೆ ಮಾತ್ರ ಜನ ಸಿಗುತ್ತಾರೆ. ಹೇಗೆ ಅಂತ ನನಗೆ ಗೊತ್ತಿರುವಷ್ಟು ಬರೆದಿದ್ದೇನೆ.

ಮೊದಲು ಒಂದು ಹಾಳೆ ತಗೊಳ್ಳಿ

ರಫ್ ಬುಕ್ಕಿನ ಕೊನೆ ಪುಟ ಸಾಕು. ತಲೆಯಲ್ಲಿ ಓಡುತ್ತಿರುವುದನ್ನೆಲ್ಲ ಸಾಲು ಸಾಲಾಗಿ ಬರೆಯಿರಿ, ಚೆಂದ ಮಾಡೋಕೆ ಹೋಗಬೇಡಿ. ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು: ನಾಲ್ಕು ಬ್ಯಾಕ್, ಅಟೆಂಡೆನ್ಸ್ ಶಾರ್ಟೇಜ್, ಸ್ಕಾಲರ್‌ಶಿಪ್ ಬಂದಿಲ್ಲ, ಪಿಜಿ ಬಾಡಿಗೆ, ಅಪ್ಪನಿಗೆ ಹೇಳಿಲ್ಲ, ಮೂರು ವಾರದಿಂದ ನಿದ್ದೆ ಇಲ್ಲ, ನಾನು ಯಾವುದಕ್ಕೂ ಲಾಯಕ್ಕಿಲ್ಲ.

ಏಳು ಸಾಲು. ಬರೆಯುವ ತನಕ ಇವೆಲ್ಲ ಸೇರಿ ಒಂದೇ ದೊಡ್ಡ ಬಂಡೆ ಥರ ಎದೆ ಮೇಲೆ ಕೂತಿತ್ತು. ಬರೆದ ಮೇಲೆ ನೋಡಿದರೆ ಮೊದಲ ನಾಲ್ಕು ಸಾಲು ಆಫೀಸಿನ ಕೆಲಸ, ಐದನೆಯದು ಮನೆಯದ್ದು, ಆರನೆಯದು ಡಾಕ್ಟರದ್ದು. ಕೊನೆಯ ಸಾಲೊಂದನ್ನೇ ಸುಮ್ನೆ ಕೂತು ಕೇಳಿಸಿಕೊಳ್ಳುವವರ ಹತ್ತಿರ ಹೇಳಿಕೊಳ್ಳಬೇಕಿತ್ತು.

ಆಫೀಸಿನ ಕೆಲಸಕ್ಕೆ ಗೆಳೆಯರ ಹತ್ತಿರ ಅತ್ತರೆ ಹಗುರ ಆಗುತ್ತದೆ ನಿಜ, ಆದರೆ ಕೆಲಸ ಅಲ್ಲೇ ಇರುತ್ತದೆ. ಅಟೆಂಡೆನ್ಸ್ ಆದರೆ ಮೆಂಟರ್ ಅಥವಾ ಎಚ್‌ಓಡಿ. ಫೀಸು, ಸ್ಕಾಲರ್‌ಶಿಪ್ ಆದರೆ ಕಾಲೇಜಿನ ಆಫೀಸಿನಲ್ಲಿ ಆ ಕೆಲಸ ನೋಡುವ ಕ್ಲರ್ಕ್. ಪ್ರಿನ್ಸಿಪಾಲರ ಹತ್ತಿರ ಹೋಗುವುದಕ್ಕಿಂತ ಮೊದಲು ಅವರನ್ನು ಹಿಡಿಯಿರಿ, ಅರ್ಜಿ ಎಲ್ಲಿ ನಿಂತಿದೆ ಅಂತ ಗೊತ್ತಿರೋದು ಅವರಿಗೇ. ಎಸ್ಸೆಸ್ಸೆಲ್ಸಿ, ಸೆಕೆಂಡ್ ಪಿಯುನಲ್ಲಿ ಹೋಯಿತು ಅಂತ ಕೂತಿರುವ ತಮ್ಮ ತಂಗಿಯರಿಗೆ ಒಂದು ಮಾತು. ನಮ್ಮ ರಾಜ್ಯದಲ್ಲಿ ಪರೀಕ್ಷೆ 1, ಪರೀಕ್ಷೆ 2 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಅವಕಾಶ ಇವೆ. ಮೊದಲನೆಯದರಲ್ಲಿ ಹೋದರೆ ವರ್ಷ ಹೋಯಿತು ಅನ್ನುವ ಕಾಲ ಈಗಿಲ್ಲ. ಮುಂದಿನ ಪರೀಕ್ಷೆಗೆ ಹೆಸರು ಕೊಡೋದು ಯಾವಾಗ ಅಂತ ಶಾಲೆಯಲ್ಲಿ ಕೇಳಿ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೇ ಅರ್ಧ ಟೆನ್ಷನ್ ಇಳಿದದ್ದನ್ನು ನಮ್ಮ ಚಿಕ್ಕಮ್ಮನ ಮಗಳಲ್ಲಿ ನೋಡಿದ್ದೇನೆ.

ಹತ್ತಿರದವರಲ್ಲಿ ಯಾರು?

ಬೆಸ್ಟ್ ಫ್ರೆಂಡೇ ಆಗಬೇಕು ಅಂತಿಲ್ಲ. ಎಷ್ಟೋ ಸಲ ಬೆಸ್ಟ್ ಫ್ರೆಂಡ್ ಇಂಥದ್ದಕ್ಕೆ ಆಗಿಬರೋದಿಲ್ಲ. ಅವನೂ ಅದೇ ಪರೀಕ್ಷೆ ಬರೆದಿರುತ್ತಾನೆ, ಅವನದ್ದೂ ಹೋಗಿರುತ್ತದೆ, ಅಥವಾ ಅವನದ್ದು ಪಾಸಾಗಿ ನಿಮ್ಮದು ಹೋಗಿರುತ್ತದೆ. ಒಂದೆರಡು ವರ್ಷ ದೊಡ್ಡವರನ್ನು ನೋಡಿ. ಸೀನಿಯರ್, ಕಸಿನ್, ಊರಿನಿಂದ ಬಂದು ಇದೇ ಊರಲ್ಲಿ ಕೆಲಸಕ್ಕಿರುವ ಅಣ್ಣ ಅಕ್ಕಂದಿರು. ಇದೆಲ್ಲ ದಾಟಿ ಬಂದವರಿಗೆ ಅದು ನೆನಪಿರುತ್ತದೆ, ಆದರೆ ಈಗ ಅದರೊಳಗೆ ಇರೋದಿಲ್ಲ.

ನಂಬಬಹುದಾ ಅಂತ ತಿಳಿಯೋದು ಹೇಗೆ? ಬೇರೆಯವರ ಗುಟ್ಟನ್ನು ನಿಮ್ಮ ಹತ್ತಿರ ತಂದು ಸುರಿಯುವವರು ನಿಮ್ಮದನ್ನೂ ಇನ್ನೊಂದು ಕಡೆ ಸುರಿಯುತ್ತಾರೆ. ಅಷ್ಟು ಸಾಕು. ಅನುಮಾನ ಇದ್ದರೆ ಮೊದಲು ಚಿಕ್ಕದೊಂದನ್ನು ಹೇಳಿ, 'ಇಂಟರ್ನಲ್ಸ್ ಚೆನ್ನಾಗಿ ಆಗಿಲ್ಲ ಕಣೋ' ಅನ್ನುವಷ್ಟು. ಒಂದು ವಾರ ಬಿಟ್ಟು ಅದು ಎಲ್ಲಿಗೂ ಹೋಗಿಲ್ಲ ಅಂದರೆ ದೊಡ್ಡದನ್ನು ಹೇಳಬಹುದು.

ಶುರು ಮಾಡೋದೇ ಕಷ್ಟ, ಗೊತ್ತು. 'ಫ್ರೀ ಇದ್ದೀಯಾ?' ಅಂತ ಮೆಸೇಜ್ ಹಾಕಬೇಡಿ. ಅದನ್ನು ನೋಡಿದವರು ದುಡ್ಡು ಕೇಳುತ್ತಾನೇನೋ ಅಂದುಕೊಳ್ಳುತ್ತಾರೆ, ಇಲ್ಲವೇ ರಾತ್ರಿ ನೋಡೋಣ ಅಂತ ಬಿಟ್ಟು ಮರೆತೇ ಹೋಗುತ್ತಾರೆ. ವಿಷಯವನ್ನು ಮೊದಲ ಮೆಸೇಜಿನಲ್ಲೇ ಇಡಿ. 'ಸ್ವಲ್ಪ ದಿನದಿಂದ ತಲೆ ಸರಿ ಇಲ್ಲ, ಹತ್ತು ನಿಮಿಷ ಮಾತಾಡಬೇಕು, ಪರಿಹಾರ ಏನೂ ಬೇಡ, ಸುಮ್ನೆ ಕೇಳಿಸ್ಕೊಂಡ್ರೆ ಸಾಕು, ಇವತ್ತು ಸಂಜೆ ಆಗುತ್ತಾ?' ಇದರಲ್ಲಿ ಎಷ್ಟು ಹೊತ್ತು, ಯಾವಾಗ, ಏನು ಬೇಕು ಮೂರೂ ಇದೆ. 'ಪರಿಹಾರ ಬೇಡ' ಅನ್ನೋದನ್ನು ಮಾತ್ರ ಬಿಡಬೇಡಿ. ನಮ್ಮ ಜನಕ್ಕೆ ಯಾರಾದರೂ ಕಷ್ಟ ಹೇಳಿಕೊಂಡರೆ ಉಪದೇಶ ಕೊಡದಿದ್ದರೆ ಮರ್ಯಾದೆ ಕೊಟ್ಟ ಹಾಗಲ್ಲ ಅನ್ನುವ ಭಾವನೆ ಇದೆ, ಬೆಳಿಗ್ಗೆ ಬೇಗ ಏಳು ಅನ್ನೋದರಿಂದ ಶುರುವಾಗಿ ಪ್ರಾಣಾಯಾಮದ ತನಕ ಹೋಗುತ್ತಾರೆ.

ಎದುರುಬದುರು ಕೂತು ಮಾತಾಡಬೇಕು ಅಂತಲೂ ಇಲ್ಲ. ಜೊತೆಗೆ ನಡೆಯುತ್ತಾ, ಬಸ್ಸಿನಲ್ಲಿ ಪಕ್ಕ ಕೂತು, ಕೈಯಲ್ಲಿ ಏನೋ ಕೆಲಸ ಇಟ್ಟುಕೊಂಡು ಮಾತಾಡಿದರೆ ಸುಲಭ. ನನಗೆ ಆದದ್ದು ಹಾಗೇ. ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ಕೆಳಗಿನ ರೂಮಿನ ಸೀನಿಯರ್ ಬಕೆಟ್ ಇಟ್ಟುಕೊಂಡು ಬಟ್ಟೆ ಹಿಂಡುತ್ತಿದ್ದ, ನಾನು ಇನ್ನೊಂದು ತುದಿ ಹಿಡಿದಿದ್ದೆ. ಜೀನ್ಸ್ ಪ್ಯಾಂಟ್ ಹಿಂಡೋಕೆ ಇಬ್ಬರು ಬೇಕು ಅಲ್ವಾ. ಅವನ ಮುಖ ನೋಡದೆ, ಪ್ಯಾಂಟನ್ನೇ ನೋಡುತ್ತಾ 'ನಾಲ್ಕು ಹೋಗಿದೆ ಅಣ್ಣ' ಅಂದೆ. ಅವನು ತಿರುಚೋದನ್ನು ನಿಲ್ಲಿಸದೆ 'ನಂಗೆ ಆರು ಇತ್ತು' ಅಂದ. ಇಯರ್ ಬ್ಯಾಕ್ ಆಗಿ ಒಂದು ವರ್ಷ ಊರಲ್ಲಿ ಅಡಿಕೆ ತೋಟದಲ್ಲಿ ಕೂತಿದ್ದನಂತೆ. ಎರಡು ವರ್ಷದಿಂದ ಒಂದೇ ಪಿಜಿಯಲ್ಲಿ ಇದ್ದೀವಿ, ನನಗೆ ಗೊತ್ತೇ ಇರಲಿಲ್ಲ.

ಹೇಳಿದವರು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, 'ಅಯ್ಯೋ ಇಷ್ಟಕ್ಕೆಲ್ಲ ಯಾಕೆ' ಅಂದುಬಿಟ್ಟರು ಅಂದರೆ ಅಲ್ಲಿಗೆ ಬಿಟ್ಟುಬಿಡಬೇಡಿ. ಅವರಿಗೆ ಆವತ್ತು ಆಗಲಿಲ್ಲ ಅಷ್ಟೇ. ಎರಡನೆಯವರ ಹತ್ತಿರ ಹೋಗಿ.

ಮನೆಗೆ ಹೇಳೋದು

ನಮ್ಮದು ಅರಸೀಕೆರೆ ಕಡೆ, ತೆಂಗಿನ ತೋಟ. ಅಪ್ಪನ ಫೋನ್ ಅಂದರೆ ಮೂರೇ ಪ್ರಶ್ನೆ. ಊಟ ಆಯ್ತಾ, ದುಡ್ಡು ಇದ್ಯಾ, ಓದ್ತಾ ಇದ್ದೀಯಾ. ಮೂರಕ್ಕೂ ಹ್ಞೂಂ ಅಂದರೆ ನಲವತ್ತು ಸೆಕೆಂಡಿನಲ್ಲಿ ಕಾಲ್ ಮುಗಿಯಿತು. ಆ ನಲವತ್ತು ಸೆಕೆಂಡಿನೊಳಗೆ 'ಅಪ್ಪ, ನಂಗೆ ಆಗ್ತಾ ಇಲ್ಲ' ಅನ್ನೋದನ್ನು ಎಲ್ಲಿ ತುರುಕೋದು ಅಂತ ಎರಡು ತಿಂಗಳು ಯೋಚಿಸಿದೆ.

ಫೋನಿನಲ್ಲಿ ಆಗದಿದ್ದರೆ ಊರಿಗೆ ಹೋದಾಗ ಹೇಳಿ, ಅದೂ ಒಬ್ಬರೇ ಇರುವಾಗ. ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಕೂತಿದ್ದರೆ ನಿಮ್ಮ ಮಾತು ಎರಡು ನಿಮಿಷದಲ್ಲಿ ಅವರಿಬ್ಬರ ಜಗಳ ಆಗುತ್ತದೆ, 'ನಾನು ಅವತ್ತೇ ಹೇಳಿರಲಿಲ್ವಾ, ಬೆಂಗಳೂರು ಬೇಡ ಅಂತ'. ಬೈಕಿನ ಹಿಂದೆ ಕೂತಾಗ, ತೋಟಕ್ಕೆ ಹೋದಾಗ, ಅಮ್ಮ ಅವರೆಕಾಯಿ ಸುಲಿಯುವಾಗ ಹೇಳಿದರೆ ಪರವಾಗಿಲ್ಲ. ಟಿವಿ ಮುಂದೆ ಬೇಡ, ನೆಂಟರು ಇದ್ದಾಗ ಬೇಡ, ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡಂತೂ ಬೇಡವೇ ಬೇಡ.

ಪದವನ್ನೂ ನೋಡಿ ಆರಿಸಿಕೊಳ್ಳಿ. 'ಡಿಪ್ರೆಶನ್' ಅಂದರೆ ಕೆಲವು ಮನೆಗಳಲ್ಲಿ ಹೆದರಿ ಅಳೋಕೆ ಶುರು ಮಾಡುತ್ತಾರೆ, ಕೆಲವು ಮನೆಗಳಲ್ಲಿ 'ಮೊಬೈಲ್ ಜಾಸ್ತಿ ನೋಡೋದ್ರಿಂದ ಹಂಗಾಗುತ್ತೆ' ಅಂತ ಮುಗಿಸುತ್ತಾರೆ. ಮೈಯಿಂದ ಶುರು ಮಾಡಿ. 'ಮೂರು ವಾರದಿಂದ ರಾತ್ರಿ ನಿದ್ದೆ ಬರ್ತಾ ಇಲ್ಲಮ್ಮ, ಊಟ ಸೇರ್ತಾ ಇಲ್ಲ, ಓದಿದ್ದು ತಲೆಗೆ ಹೋಗ್ತಾ ಇಲ್ಲ' ಅಂದರೆ ಯಾವ ತಾಯಿಗೂ ಅರ್ಥ ಆಗುತ್ತದೆ, ನಿಮ್ಮ ತೂಕ ಇಳಿದದ್ದನ್ನು ಆಕೆ ಆಗಲೇ ನೋಡಿರುತ್ತಾಳೆ.

ನೇರ ಹೇಳೋಕೆ ಧೈರ್ಯ ಇಲ್ಲದಿದ್ದರೆ ಮಧ್ಯೆ ಒಬ್ಬರನ್ನು ಹಾಕಿಕೊಳ್ಳಿ. ಪ್ರತಿ ಮನೆಯಲ್ಲೂ ಅಪ್ಪ ಮಾತು ಕೇಳುವ ಒಬ್ಬರು ಇರುತ್ತಾರೆ. ಸೋದರಮಾವ, ಚಿಕ್ಕಮ್ಮ, ದೊಡ್ಡಪ್ಪನ ಮಗಳು, ಊರಿನ ಮೇಷ್ಟ್ರು. ನಾನು ಹಿಡಿದದ್ದು ಚಿಕ್ಕಮ್ಮನನ್ನು. ಆಕೆ ಅಪ್ಪನಿಗೆ ಏನು ಹೇಳಿದಳೋ, ಮಾರನೇ ದಿನದ ಫೋನಿನಲ್ಲಿ ಮೂರು ಪ್ರಶ್ನೆ ಆದ ಮೇಲೂ ಅಪ್ಪ ಇಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಭಾನುವಾರ ಕಾಯಿ ಕೀಳಿಸ್ತೀನಿ, ಬಂದ್ಬಿಡು' ಅಂದರು. ಬ್ಯಾಕ್ ಬಗ್ಗೆ ಒಂದು ಮಾತೂ ಇಲ್ಲ. ಹೋಗಿ ಇಡೀ ದಿನ ಕಾಯಿ ಆಯ್ದೆ.

ಮನೆಯೇ ತಲೆನೋವಿಗೆ ಕಾರಣ ಆಗಿದ್ದರೆ, ಹೊಡೆತ ಬಡಿತ, ಕುಡಿತ, ಬಲವಂತದ ಮದುವೆ ಮಾತು ಇದ್ದರೆ ಇದ್ಯಾವುದೂ ನಿಮಗೆ ಅನ್ವಯಿಸೋದಿಲ್ಲ. ಮೊದಲು ಹೊರಗಿನವರ ಹತ್ತಿರವೇ ಹೋಗಿ. ಹದಿನೆಂಟು ತುಂಬಿಲ್ಲ ಅಂದರೆ 1098ಕ್ಕೆ ಫೋನ್ ಮಾಡಬಹುದು, ಮಕ್ಕಳ ಸಹಾಯವಾಣಿ, ದಿನದ ಯಾವ ಹೊತ್ತಿನಲ್ಲೂ ಎತ್ತುತ್ತಾರೆ, ದುಡ್ಡು ಕಟ್ ಆಗೋದಿಲ್ಲ.

ಕಾಲೇಜಿನ ಕೌನ್ಸೆಲರ್

ನಾನು ಓದಿದ ಕಾಲೇಜಿನಲ್ಲಿ 'ಆಪ್ತ ಸಮಾಲೋಚನಾ ಕೊಠಡಿ' ಅಂತ ಬೋರ್ಡ್ ಇತ್ತು. ಬಾಗಿಲಿಗೆ ಬೀಗ, ಕಿಟಕಿಯಲ್ಲಿ ಇಣುಕಿದರೆ ಒಳಗೆ ಹಳೇ ಬ್ಲೂ ಬುಕ್ಕಿನ ಕಟ್ಟುಗಳು. ಕೌನ್ಸೆಲರ್ ಅಂತ ಹೆಸರಿದ್ದದ್ದು ನಮಗೆ ಪಾಠ ಮಾಡುವ ಲೆಕ್ಚರರಿಗೇ, ಇಂಟರ್ನಲ್ಸ್ ಹಾಕುವವರೂ ಅವರೇ. ಹೋಗಿ 'ಸರ್, ಸ್ವಲ್ಪ ಸ್ಟ್ರೆಸ್' ಅಂದದ್ದೇ ತಡ, 'ಅಪ್ಪನ ನಂಬರ್ ಕೊಡು' ಅಂದರು. ಕೊಡಲಿಲ್ಲ, ಎದ್ದು ಬಂದೆ.

ಈಗ ಸ್ವಲ್ಪ ಬದಲಾಗಬೇಕು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದ ಶಾಲೆ, ಕಾಲೇಜು, ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿದ್ದರೆ ತರಬೇತಿ ಆದ ಕೌನ್ಸೆಲರ್ ಒಬ್ಬರಾದರೂ ಇರಬೇಕು, ಸಹಾಯವಾಣಿ ನಂಬರುಗಳನ್ನು ಹಾಸ್ಟೆಲ್, ಕ್ಲಾಸ್ ರೂಮಿನಲ್ಲಿ ಕಾಣುವ ಹಾಗೆ ದೊಡ್ಡದಾಗಿ ಹಾಕಬೇಕು. ನಿಮ್ಮಲ್ಲಿ ಇಲ್ಲ ಅಂದರೆ ಕ್ಲಾಸ್ ರೆಪ್ ಮೂಲಕ ಕೇಳಿ, ಒಬ್ಬರೇ ಹೋಗಿ ಕೇಳಿದರೆ 'ಯಾಕಪ್ಪ, ನಿಂಗೇನಾಯ್ತು' ಅಂತ ತಿರುಗಿಸುತ್ತಾರೆ.

ಕೌನ್ಸೆಲರ್ ಇದ್ದರೆ, ಕತೆ ಶುರು ಮಾಡುವ ಮೊದಲೇ ಕೇಳಬೇಕಾದ್ದನ್ನು ಕೇಳಿಬಿಡಿ. ನಾನು ಹೇಳಿದ್ದು ಯಾರಿಗೆ ಹೋಗುತ್ತದೆ? ಬರೆದುಕೊಳ್ಳೋದನ್ನು ಎಚ್‌ಓಡಿ ನೋಡುತ್ತಾರಾ? ಯಾವ ಸಂದರ್ಭದಲ್ಲಿ ಮನೆಗೆ ಫೋನ್ ಮಾಡುತ್ತೀರಿ? ಒಳ್ಳೆಯ ಕೌನ್ಸೆಲರ್ ಈ ಪ್ರಶ್ನೆಗೆ ಸಿಟ್ಟಾಗೋದಿಲ್ಲ, ಬಹಳಷ್ಟು ಸಲ ತಾವೇ ಹೇಳುತ್ತಾರೆ: ಜೀವಕ್ಕೆ ಅಪಾಯ ಇದೆ ಅನಿಸಿದರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ, ಉಳಿದದ್ದು ಈ ರೂಮಿನಲ್ಲೇ ಇರುತ್ತದೆ ಅಂತ. ಚಿಕಿತ್ಸೆ ಪಡೆಯುವವರ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ.

ರ‍್ಯಾಗಿಂಗ್ ಆಗುತ್ತಿದ್ದರೆ ಅದನ್ನು ಸ್ಟ್ರೆಸ್ ಅಂತ ಕರೆಯಬೇಡಿ, ಅದು ಅಪರಾಧ. ಅದಕ್ಕೆ 1800-180-5522 ಅಂತ ಬೇರೆಯೇ ನಂಬರ್ ಇದೆ. ಯಾರಾದರೂ ಕೈ ಹಾಕಿದರು, ಕೆಟ್ಟ ಮೆಸೇಜ್ ಕಳಿಸಿದರು ಅಂದರೆ ಕಾಲೇಜಿನ ಆಂತರಿಕ ದೂರು ಸಮಿತಿ ಇರುತ್ತದೆ, ಒಬ್ಬರೇ ಹೋಗದೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

14416

ಗೊತ್ತಿರುವ ಮುಖದ ಮುಂದೆ ಬಾಯಿ ಬರೋದಿಲ್ಲ ಅನ್ನುವವರಿಗೆ ನಾನು ಮೊದಲು ಹೇಳೋದು ಈ ನಂಬರ್. ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸೇವೆ, ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 24 ಗಂಟೆಯೂ ಇರುತ್ತದೆ, ಪೂರ್ತಿ ಉಚಿತ. 14416 ಹತ್ತಲಿಲ್ಲ ಅಂದರೆ 1800-891-4416.

ಫೋನ್ ಮಾಡಿದರೆ ಮೊದಲು ರೆಕಾರ್ಡ್ ಆದ ದನಿ ಬರುತ್ತದೆ, ಭಾಷೆ ಆರಿಸಿಕೊಳ್ಳಿ ಅನ್ನುತ್ತದೆ, ಕನ್ನಡ ಇದೆ. ಆಮೇಲೆ ತರಬೇತಿ ಆದ ಕೌನ್ಸೆಲರ್ ಸಿಗುತ್ತಾರೆ. ಅವರಿಂದ ಆಗದ ವಿಷಯ ಅನಿಸಿದರೆ ಮನೋವೈದ್ಯರು, ಸೈಕಾಲಜಿಸ್ಟ್ ಹತ್ತಿರ ದಾಟಿಸುತ್ತಾರೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ದಾರಿಯನ್ನೂ ಹೇಳುತ್ತಾರೆ. ಒಂದು ಸಲಕ್ಕೇ ಎತ್ತದಿದ್ದರೆ ಬೇಜಾರಾಗಬೇಡಿ, ಸ್ವಲ್ಪ ಬಿಟ್ಟು ಮತ್ತೆ ಮಾಡಿ.

ನಾನು ಮಾಡಿದ್ದು ರಾತ್ರಿ ಒಂದೂವರೆಗೆ, ಅದೇ ಟ್ಯಾಂಕಿನ ಪಕ್ಕ. ಏನು ಹೇಳಬೇಕು ಅಂತ ಚೀಟಿ ಬರೆದುಕೊಂಡಿದ್ದೆ, ಕತ್ತಲಲ್ಲಿ ಓದೋಕೆ ಆಗಲಿಲ್ಲ. ಆ ಕಡೆಯಿಂದ ಒಬ್ಬರು ಮೇಡಂ ಹೆಸರೂ ಊರೂ ಕೇಳುವ ಮೊದಲು 'ಊಟ ಆಯ್ತಾ?' ಅಂದರು. ಆಗಿರಲಿಲ್ಲ. 'ರೂಮಲ್ಲಿ ಬಿಸ್ಕತ್ತು ಏನಾದ್ರೂ ಇದ್ಯಾ, ತಿಂತಾನೇ ಮಾತಾಡಿ, ನಂಗೇನು ಅರ್ಜೆಂಟಿಲ್ಲ' ಅಂದರು. ಇಪ್ಪತ್ತೈದು ನಿಮಿಷ ಮಾತಾಡಿದೆ. ಅದರಲ್ಲಿ ಹತ್ತು ನಿಮಿಷ ಬರೀ ಅಳು. ಅವರು ಫೋನ್ ಇಡಲಿಲ್ಲ, ಅಳಬೇಡಿ ಅಂತಲೂ ಅನ್ನಲಿಲ್ಲ. ಕೊನೆಗೆ, ಇಷ್ಟು ದಿನ ನಿದ್ದೆ ಇಲ್ಲ ಅಂದರೆ ಒಮ್ಮೆ ಡಾಕ್ಟರನ್ನು ನೋಡಿ ಅಂದರು.

ಹಾಸ್ಟೆಲಿನಲ್ಲಿ ನಿಮ್ಮ ಫೋನನ್ನು ಹತ್ತು ಜನ ಮುಟ್ಟುತ್ತಾರೆ. ನಾನು ಈ ನಂಬರನ್ನು 'ಗ್ಯಾಸ್ ಬುಕಿಂಗ್' ಅಂತ ಸೇವ್ ಮಾಡಿದ್ದೆ. ಊರಿಗೆ ಹೋದಾಗ ಅಮ್ಮ ಸಿಲಿಂಡರ್ ಬುಕ್ ಮಾಡೋಕೆ ಅದನ್ನೇ ಒತ್ತಿಬಿಟ್ಟರು. ಹಾಗಾಗಿ ಬೇರೆ ಹೆಸರು ಹಾಕಿ.

ಡಾಕ್ಟರ್ ಯಾವಾಗ, ಎಲ್ಲಿ?

ಎರಡು ವಾರ ದಾಟಿದರೂ ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಇಷ್ಟದ ಕೆಲಸವೂ ಬೇಡ ಅನಿಸುತ್ತದೆ, ಕ್ಲಾಸಿಗೆ ಹೋಗೋಕೆ ಮೈ ಏಳೋದಿಲ್ಲ, ಕಾರಣ ಇಲ್ಲದೆ ಎದೆ ಡವಡವ ಅನ್ನುತ್ತದೆ ಅಂದರೆ ಬರೀ ಮಾತಿನಲ್ಲಿ ಮುಗಿಯುವ ಹಂತ ದಾಟಿರಬಹುದು. ಜ್ವರ ಎರಡು ವಾರ ಇದ್ದರೆ ಸುಮ್ನೆ ಇರ್ತೀರಾ?

ಮನೋವೈದ್ಯರು ಅಂದರೆ ಎಂಬಿಬಿಎಸ್ ಆದ ಮೇಲೆ ಮನಸ್ಸಿನ ಕಾಯಿಲೆಗಳ ಬಗ್ಗೆಯೇ ಓದಿದ ಡಾಕ್ಟರು, ಮಾತ್ರೆ ಬರೆದುಕೊಡಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಅವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರಬೇಕು, ಕೇಳಿದರೆ ನಂಬರ್ ಕೊಡಬೇಕು. ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡವರು ಎಲ್ಲಿ ಏನು ಓದಿದ್ದಾರೆ ಅಂತ ಕೇಳಿ, ಅದರಲ್ಲಿ ತಪ್ಪೇನಿಲ್ಲ. ಖಾಸಗಿ ಆದರೆ ಒಂದು ಸಲಕ್ಕೆ ಎಷ್ಟು, ವಿದ್ಯಾರ್ಥಿಗಳಿಗೆ ಕಡಿಮೆ ಇದೆಯಾ ಅಂತ ಫೋನಿನಲ್ಲೇ ವಿಚಾರಿಸಿ, ಕೂತ ಮೇಲೆ ಬಿಲ್ ನೋಡಿ ಇನ್ನೊಂದು ಟೆನ್ಷನ್ ಬೇಡ.

ದುಡ್ಡಿಲ್ಲ ಅಂತ ಬಿಡಬೇಡಿ. ಜಿಲ್ಲಾ ಆಸ್ಪತ್ರೆಗೆ ಹೋಗಿ ಓಪಿಡಿ ಚೀಟಿ ಮಾಡಿಸುವಾಗ 'ಮನೋರೋಗ ವಿಭಾಗ' ಅಂದರೆ ಸಾಕು. ಆ ಪದ ಹೇಳೋಕೆ ನಾಚಿಕೆ ಆದರೆ 'ನಿದ್ದೆ ಬರಲ್ಲ' ಅನ್ನಿ, ಅವರೇ ಕಳಿಸುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಅನ್ನುವ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ, ಬಸ್ ಚಾರ್ಜ್ ದಂಡ ಆಗಬಾರದು. ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಇದೆ. ಕ್ರೀಡಾ ಇಲಾಖೆಯೂ ನಿಮ್ಹಾನ್ಸ್ ಕೂಡಿ ನಡೆಸುವ 'ಯುವ ಸ್ಪಂದನ' ಬಗ್ಗೆ ಜಾಸ್ತಿ ಜನಕ್ಕೆ ಗೊತ್ತಿಲ್ಲ, ಜಿಲ್ಲಾ ಕೇಂದ್ರಗಳಲ್ಲಿ ಇರುತ್ತದೆ, ಓದು, ಪ್ರೀತಿ, ಕೆಲಸ, ಮನೆ ಜಗಳ ಯಾವುದರ ಬಗ್ಗೆಯೂ ಹೋಗಿ ಮಾತಾಡಬಹುದು. ರೋಗಿ ಅಂತ ಚೀಟಿ ಮಾಡಿಸುವ ಗೋಜಿಲ್ಲ, ಅದಕ್ಕೇ ನನಗೆ ಇಷ್ಟ.

ಬೆಂಗಳೂರಿನಲ್ಲಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದ್ದೇ ಇದೆ, ಬೆಳಿಗ್ಗೆ ಬೇಗ ಹೋಗಿ, ತಿಂಡಿ ನೀರು ಜೊತೆಗಿರಲಿ, ಕಾಯಬೇಕಾಗುತ್ತದೆ. 'ನಿಮ್ಹಾನ್ಸ್' ಅನ್ನುವ ಹೆಸರಿಗೇ ಹೆದರುವವರಿಗೆ ಬಿಟಿಎಂ ಲೇಔಟಿನಲ್ಲಿ ಅವರದ್ದೇ 'ಸೆಂಟರ್ ಫಾರ್ ವೆಲ್ ಬೀಯಿಂಗ್' ಇದೆ, ಆಸ್ಪತ್ರೆ ಥರ ಅನಿಸೋದಿಲ್ಲ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಕಟ್ಟಿದ 'ಸಮಾಧಾನ' ಆಪ್ತ ಸಮಾಲೋಚನಾ ಕೇಂದ್ರದಲ್ಲಿ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಅಲ್ಲಿನ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ವರ್ಷಗಟ್ಟಲೆ ಪಿಎಸ್‌ಐ, ಕೆಎಎಸ್ ಅಂತ ಓದುತ್ತಿರುವವರು ಇದನ್ನು ನೆನಪಿಟ್ಟುಕೊಳ್ಳಿ. ನಿಮಗೆ ಕಾಲೇಜೂ ಇಲ್ಲ, ಮೆಂಟರೂ ಇಲ್ಲ, ಊರಿಗೆ ಹೋದರೆ 'ಎಲ್ಲಿಗೆ ಬಂತು' ಅನ್ನುವ ಪ್ರಶ್ನೆ ಬೇರೆ, ಈ ಒಂಟಿತನ ಹಾಸ್ಟೆಲಿನವರಿಗಿಂತ ಜಾಸ್ತಿ.

ನಾನು ಸೀನಿಯರ್ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, 'ದಿನಕ್ಕೆ ಎಷ್ಟು ಕಾಫಿ?' ಏಳು ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಸ್ವಲ್ಪ ದಿನ ಮಾತ್ರೆ, ಹದಿನೈದು ದಿನಕ್ಕೊಮ್ಮೆ ಮಾತು. ಹುಚ್ಚು ಅಂತ ಯಾರೂ ಹಣೆಗೆ ಚೀಟಿ ಅಂಟಿಸಲಿಲ್ಲ.

ಬದುಕೋದೇ ಬೇಡ ಅನಿಸಿದರೆ

ಆಗ ಮೇಲೆ ಹೇಳಿದ ಹಾಳೆ, ಪೆನ್ನು, ಸರಿಯಾದ ಸಮಯ ಯಾವುದೂ ಬೇಡ. ಯಾರು ಹತ್ತಿರ ಇದ್ದಾರೋ ಅವರ ಬಾಗಿಲು ತಟ್ಟಿ. ರೂಮ್‌ಮೇಟ್, ವಾರ್ಡನ್, ಸೆಕ್ಯುರಿಟಿ ಅಂಕಲ್, ಯಾರಾದರೂ ಸರಿ. 'ನಂಗೆ ಸಾಯ್ಬೇಕು ಅನಿಸ್ತಿದೆ, ಒಬ್ಬನೇ ಬಿಡಬೇಡಿ' ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸುತ್ತಿ ಬಳಸಿ ಹೇಳಿದರೆ ಅವರಿಗೆ ಅರ್ಥ ಆಗೋದಿಲ್ಲ. 14416ಕ್ಕೆ ಫೋನ್ ಮಾಡಿ. ಏನಾದರೂ ಮಾಡಿಕೊಂಡಾಗಿದ್ದರೆ, ಅಥವಾ ಮಾಡಿಕೊಂಡುಬಿಡುತ್ತೇನೆ ಅನಿಸಿದರೆ 112, ಅಥವಾ ನೇರ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಎಷ್ಟೋ ಜನ ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ಹಿಂಜರಿಯುತ್ತಾರೆ. 2017ರ ಕಾಯ್ದೆ ಬಂದ ಮೇಲೆ, ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ನೋಡಬೇಕು, ಶಿಕ್ಷೆ ಕೊಡುವ ಹಾಗಿಲ್ಲ.

ಇನ್ನೊಂದೆರಡು

ಇನ್‌ಸ್ಟಾಗ್ರಾಮಿನಲ್ಲಿ 'ಡಿಎಂ ಮಾಡಿ, ಹೀಲಿಂಗ್ ಮಾಡಿಕೊಡ್ತೀನಿ' ಅನ್ನುವವರಿಗೆ ದುಡ್ಡು ಹಾಕಬೇಡಿ, ಫೋಟೋ ವಿಡಿಯೋ ಅಂತೂ ಕಳಿಸಲೇಬೇಡಿ. ಎಐ ಚಾಟ್‌ಬಾಟ್ ಜೊತೆ ರಾತ್ರಿ ಎರಡು ಗಂಟೆಗೆ ಮಾತಾಡುವವರು ಈಗ ಜಾಸ್ತಿ. ಮನಸ್ಸಲ್ಲಿರೋದನ್ನು ಪದಕ್ಕೆ ತರೋಕೆ ಅದು ಸಹಾಯ ಮಾಡಬಹುದು, ಮೇಲೆ ಹೇಳಿದ ಆ ಮೊದಲ ಮೆಸೇಜ್ ಬರೆಯೋಕೂ ಆದೀತು, ಆದರೆ ಓಪಿಡಿ ಸಾಲಿನಲ್ಲಿ ನಿಮ್ಮ ಪಕ್ಕ ಬಂದು ನಿಲ್ಲೋದಿಲ್ಲ. ಮನೆಯವರು ಶಾಸ್ತ್ರ ಕೇಳಿಸೋಣ, ಹರಕೆ ಹೊರೋಣ ಅಂದರೆ ಜಗಳ ಆಡಬೇಡಿ, ಹೋಗಿ ಬನ್ನಿ, ಅವರಿಗೂ ಏನೋ ಒಂದು ಮಾಡಿದೆವು ಅನ್ನುವ ಸಮಾಧಾನ ಬೇಕು. ಡಾಕ್ಟರ ಚೀಟಿ ಮಾತ್ರ ಜೇಬಿನಲ್ಲಿರಲಿ.

ಇನ್ನು ನೀವೇ ಕೇಳಿಸಿಕೊಳ್ಳುವ ಜಾಗದಲ್ಲಿ ಕೂರುವ ದಿನವೂ ಬರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಜೂನಿಯರ್ ಒಬ್ಬ 'ಅಣ್ಣ ಫ್ರೀ ಇದ್ದೀರಾ' ಅಂತ ಮೆಸೇಜ್ ಹಾಕಿದ್ದ. ನಾನು ಎರಡು ದಿನ ಬಿಟ್ಟು ನೋಡಿ 'ಏನೋ, ಹೇಳು' ಅಂತ ಬರೆದೆ. 'ಏನಿಲ್ಲ ಅಣ್ಣ, ಸುಮ್ನೆ' ಅಂದ. ಏನಿಲ್ಲ ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆವತ್ತೇ ಫೋನ್ ಮಾಡಿದೆ, ಎತ್ತಲಿಲ್ಲ. ಮಾರನೇ ದಿನ ಮತ್ತೆ ಮಾಡಿದೆ, ಎತ್ತಿದ. ಏನು ಕೇಳಬೇಕು ಅಂತ ತೋಚದೆ 'ಊಟ ಆಯ್ತಾ?' ಅಂದೆ.